ಕ್ರೂಗರ್ ಕಾಡಿನಲ್ಲಿ ಸ್ವಂತ ಡ್ರೈವಿಂಗ್: ಮಣ್ಣು ನೋಡಿ ದಾರಿ ಹಿಡಿಯಿರಿ

ದಕ್ಷಿಣ ಆಫ್ರಿಕಾದ ಕ್ರೂಗರ್ ರಾಷ್ಟ್ರೀಯ ಉದ್ಯಾನಕ್ಕೆ ಹೊರಟವರು ಮೊದಲು ಕೇಳುವುದು ಒಂದೇ ಮಾತು: ಸಿಂಹ ಸಿಗುತ್ತದಾ? ಸಿಗುತ್ತದೆ. ಆದರೆ ಯಾವ ರಸ್ತೆಯಲ್ಲಿ, ಎಷ್ಟು ಸುಲಭವಾಗಿ ಅನ್ನುವುದನ್ನು ಅಲ್ಲಿನ ಕಲ್ಲು, ಮಣ್ಣು, ಹುಲ್ಲು ಅರ್ಧಕ್ಕರ್ಧ ತೀರ್ಮಾನ ಮಾಡಿಬಿಟ್ಟಿರುತ್ತವೆ. ಇದು ಗೊತ್ತಿಲ್ಲದೆ ಹೋದವರು ದಿನಕ್ಕೆ ಇನ್ನೂರು ಕಿಲೋಮೀಟರ್ ಓಡಿಸಿ, ಸಂಜೆ ಸೊಂಟ ಹಿಡಿದುಕೊಂಡು ಕಾರಿನಿಂದ ಇಳಿಯುತ್ತಾರೆ. ಗೊತ್ತಿದ್ದವರು ನಲವತ್ತು ಕಿಲೋಮೀಟರಿನಲ್ಲೇ ಕಣ್ತುಂಬ ನೋಡಿ ಬರುತ್ತಾರೆ.

ಕಾಡು ಎಷ್ಟು ದೊಡ್ಡದು ಅನ್ನುವ ಅಂದಾಜು ಮೊದಲು ಇರಲಿ. ಉತ್ತರದಿಂದ ದಕ್ಷಿಣಕ್ಕೆ ಸುಮಾರು 360 ಕಿ.ಮೀ. ಉದ್ದ, ಸರಾಸರಿ 65 ಕಿ.ಮೀ. ಅಗಲ. ಒಟ್ಟು 19,000 ಚದರ ಕಿ.ಮೀ.ಗಿಂತ ಜಾಸ್ತಿ. ನಮ್ಮ ಬಂಡೀಪುರದಂಥ ಇಪ್ಪತ್ತು ಕಾಡು ಇದರೊಳಗೆ ಹಿಡಿಸುತ್ತವೆ. ಪೂರ್ವಕ್ಕೆ ಮೊಜಾಂಬಿಕ್. ಉತ್ತರಕ್ಕೆ ಲಿಂಪೊಪೊ ನದಿ, ಅದರಾಚೆ ಜಿಂಬಾಬ್ವೆ. ದಕ್ಷಿಣದ ಗಡಿ ಕ್ರೊಕೊಡೈಲ್ ನದಿ. ಸುಮಾರು 150 ಜಾತಿಯ ಸಸ್ತನಿಗಳು, 500ಕ್ಕೂ ಹೆಚ್ಚು ಜಾತಿಯ ಹಕ್ಕಿಗಳು ಇಲ್ಲಿವೆ.

ಬಂಡೀಪುರದಲ್ಲೋ ಕಬಿನಿಯಲ್ಲೋ ಜೀಪು ಅವರದು, ಡ್ರೈವರ್ ಹೋದ ದಾರಿಯೇ ದಾರಿ. ಕ್ರೂಗರ್‌ನಲ್ಲಿ ಸ್ಟೀರಿಂಗ್ ನಿಮ್ಮ ಕೈಲಿ. ಪ್ರವಾಸಿಗರ ಕಾರುಗಳು ಇಲ್ಲಿ 1927ರಿಂದಲೇ ಓಡಾಡುತ್ತಿವೆ, ಅಂದರೆ ರಾಷ್ಟ್ರೀಯ ಉದ್ಯಾನ ಅಂತ ಘೋಷಣೆಯಾದ ಮರುವರ್ಷದಿಂದ. ಎಲ್ಲಿ ತಿರುಗಬೇಕು, ಎಷ್ಟು ಹೊತ್ತು ನಿಲ್ಲಬೇಕು ಅನ್ನುವುದು ನಿಮಗೇ ಬಿಟ್ಟದ್ದು. ಹಾಗಾಗಿ ಸ್ವಲ್ಪ ತಯಾರಿ ಬೇಕು.

ಮೊದಲು ನೆಲವನ್ನು ಓದಿಕೊಳ್ಳಿ

ಕ್ರೂಗರ್ ನಕ್ಷೆಯ ಮೇಲೆ ಮನಸ್ಸಿನಲ್ಲೇ ಎರಡು ಗೆರೆ ಎಳೆಯಿರಿ. ಒಂದು ಉದ್ದಕ್ಕೆ, ಮೇಲಿಂದ ಕೆಳಗೆ. ಇನ್ನೊಂದು ಅಡ್ಡಕ್ಕೆ, ನಡುವಿನ ಒಲಿಫಾಂಟ್ಸ್ ನದಿಯ ಮೇಲೆ.

ಉದ್ದ ಗೆರೆಯ ಎಡಕ್ಕೆ, ಅಂದರೆ ಪಶ್ಚಿಮಕ್ಕೆ, ಗ್ರಾನೈಟ್. ಬಲಕ್ಕೆ ಬಸಾಲ್ಟ್. ಕರ್ನಾಟಕದವರಿಗೆ ಈ ಪಾಠ ಹೊಸದೇನಲ್ಲ. ರಾಮನಗರದ ಕಡೆ ಗ್ರಾನೈಟ್ ಬಂಡೆ, ಮರಳು ಬೆರೆತ ಮಣ್ಣು. ವಿಜಯಪುರದ ಕಡೆ ಬಸಾಲ್ಟಿನಿಂದ ಆದ ಎರೆಮಣ್ಣು. ಕ್ರೂಗರ್‌ನಲ್ಲೂ ಅದೇ ಜೋಡಿ. ಗ್ರಾನೈಟ್ ಕರಗಿದರೆ ಸಾರ ಕಡಿಮೆಯಿರುವ ಮರಳು ಮಣ್ಣಾಗುತ್ತದೆ. ಅಲ್ಲಿ ಗುಡ್ಡ, ಬಂಡೆ, ದಟ್ಟ ಪೊದೆ. ಬಸಾಲ್ಟ್ ಕರಗಿದರೆ ಕಪ್ಪು ಜೇಡಿ. ಅಲ್ಲಿ ಸಪಾಟು ಬಯಲು, ಮರ ವಿರಳ, ಹುಲ್ಲು ಸಿಹಿ. ಮಳೆಗಾಲ ಮುಗಿದು ಒಣಗಿ ನಿಂತರೂ ಆ ಹುಲ್ಲಿನಲ್ಲಿ ಸತ್ವ ಉಳಿದಿರುತ್ತದೆ. ಹಾಗಾಗಿ ಜೀಬ್ರಾ, ವಿಲ್ಡಬೀಸ್ಟ್, ಕಾಡೆಮ್ಮೆಗಳ ದೊಡ್ಡ ಹಿಂಡುಗಳು ಪೂರ್ವದ ಬಯಲಿನಲ್ಲಿ ಸೇರುತ್ತವೆ. ಅವುಗಳ ಹಿಂದೆ ಸಿಂಹ. ಬಯಲು ಬೇಕೇ ಬೇಕು ಅನ್ನುವ ಚೀತಾ ಕೂಡ ಇಲ್ಲೇ ಕಾಣುವ ಸಾಧ್ಯತೆ ಹೆಚ್ಚು. ಸತಾರಾ ಕ್ಯಾಂಪಿನ ಸುತ್ತಮುತ್ತಲ ಪ್ರದೇಶ ಸಿಂಹಕ್ಕೆ ಹೆಸರಾಗಿರುವುದು ಇದೇ ಕಾರಣಕ್ಕೆ.

ಹಾಗಂತ ಪಶ್ಚಿಮದ ಗ್ರಾನೈಟ್ ನಾಡನ್ನು ಬಿಟ್ಟುಬಿಡಬೇಡಿ. ಅಲ್ಲಿ ನೋಡುವ ರೀತಿ ಬೇರೆ. ರಸ್ತೆ ಒಂದು ದಿಬ್ಬ ಹತ್ತಿ ಇಳಿಯುವಾಗ ಕಿಟಕಿಯಿಂದ ಗಮನಿಸಿ. ದಿಬ್ಬದ ನೆತ್ತಿಯಲ್ಲಿ ಮರಳು, ಅಗಲ ಎಲೆಯ ಬುಷ್‌ವಿಲ್ಲೋ ಮರಗಳು. ಇಳಿಜಾರಿನ ನಡುವೆ ಮರಳಿನಡಿ ಇಳಿದ ನೀರು ಜೇಡಿಗೆ ತಡೆದು ಮೇಲೆ ಜಿನುಗುವ ಒಂದು ಪಟ್ಟಿ. ಅಲ್ಲಿ ಬೆಳ್ಳಿ ಬಣ್ಣದ ಎಲೆಯ ಟರ್ಮಿನೇಲಿಯಾ ಮರಗಳು ಸಾಲು ಹಿಡಿದು ನಿಂತಿರುತ್ತವೆ. ಅದರ ಕೆಳಗೆ, ಹಳ್ಳದ ಅಂಚಿನಲ್ಲಿ, ಬೋಳು ಬೋಳಾದ ಉಪ್ಪು ಮಣ್ಣು, ಮುಳ್ಳಿನ ಗಿಡ, ನೆಲಕ್ಕೆ ಅಂಟಿಕೊಂಡ ಗಿಡ್ಡ ಹುಲ್ಲು. ನೋಡಲು ಬರಡು. ಆದರೆ ಮೇಲಿನಿಂದ ಕೊಚ್ಚಿ ಬಂದ ಸಾರವೆಲ್ಲ ಕೂಡುವುದು ಇಲ್ಲೇ, ಇಂಪಾಲಾ ಜಿಂಕೆಗಳ ಹಿಂಡು ಮೇಯುವುದೂ ಇಲ್ಲೇ. ಹಿಂಡಿಗೆ ಸುತ್ತ ದೂರದವರೆಗೆ ಕಾಣಿಸುತ್ತದೆ, ಬೇಟೆಯ ಪ್ರಾಣಿ ಮರೆಯಲ್ಲಿ ಬರುವುದು ಕಷ್ಟ. ಈ ಒಂದು ಇಳಿಜಾರಿನ ವಿನ್ಯಾಸ ಅರ್ಥವಾದರೆ ಸಾಕು. ಆಮೇಲೆ ಪ್ರತಿ ದಿಬ್ಬದಲ್ಲೂ ಎಲ್ಲಿ ಕಾರು ನಿಧಾನ ಮಾಡಬೇಕು ಅಂತ ಕಾಲಿಗೇ ಗೊತ್ತಾಗುತ್ತದೆ.

ಇನ್ನು ಅಡ್ಡ ಗೆರೆ. ಒಲಿಫಾಂಟ್ಸ್ ನದಿಯಿಂದ ಮೇಲಕ್ಕೆ ಮೊಪಾನೆ ಮರದ ರಾಜ್ಯ. ಎರಡು ಹೋಳಾಗಿ ಚಿಟ್ಟೆಯ ರೆಕ್ಕೆಯಂತೆ ಕಾಣುವ ಎಲೆ. ಮಧ್ಯಾಹ್ನದ ಬಿಸಿಲಿಗೆ ಆ ಎರಡು ಹೋಳೂ ಮಡಚಿಕೊಳ್ಳುತ್ತವೆ, ಆದ್ದರಿಂದ ಮರ ತುಂಬ ಎಲೆಯಿದ್ದರೂ ನೆರಳು ಅಷ್ಟಕ್ಕಷ್ಟೇ. ಆನೆಗೆ ಇದು ಇಷ್ಟ. ಉಳಿದ ಬಹಳಷ್ಟು ಪ್ರಾಣಿಗಳಿಗೆ ಅಷ್ಟಿಲ್ಲ. ಉತ್ತರದಲ್ಲಿ ಗಂಟೆಗಟ್ಟಲೆ ಬರೀ ಮೊಪಾನೆ ನೋಡುತ್ತಾ ಹೋಗಬೇಕಾಗುತ್ತದೆ. ಮೊದಲ ಸಲ ಹೋಗುವವರಿಗೆ ಇದು ಬೇಸರ ತರಿಸುತ್ತದೆ ಅನ್ನುವುದು ನನ್ನ ಅಭಿಪ್ರಾಯ. ಒಂದು ವಾರ ಮಾತ್ರ ಇದ್ದರೆ ದಕ್ಷಿಣ ಮತ್ತು ನಡುಭಾಗಕ್ಕೇ ಅಂಟಿಕೊಳ್ಳಿ.

ಯಾವ ತಿಂಗಳು?

ಅಲ್ಲಿನ ಋತು ನಮಗೆ ತಿರುಗುಮುರುಗು. ಜೂನ್‌ನಿಂದ ಆಗಸ್ಟ್ ಚಳಿಗಾಲ, ಮಳೆಯಿಲ್ಲ. ಎಲೆ ಉದುರಿ, ಹುಲ್ಲು ತಗ್ಗಿ, ಹೊಂಡಗಳು ಬತ್ತಿ, ಪ್ರಾಣಿಗಳು ಉಳಿದ ನೀರಿನ ಹತ್ತಿರ ಬರುತ್ತವೆ. ನೋಡಲು ಸುಲಭ. ಅಕ್ಟೋಬರ್‌ನಿಂದ ಏಪ್ರಿಲ್ ಬೇಸಿಗೆ ಮತ್ತು ಮಳೆ. ಕಾಡು ಹಸಿರು, ನವೆಂಬರ್ ಕೊನೆ, ಡಿಸೆಂಬರಿನಲ್ಲಿ ಇಂಪಾಲಾ ಮರಿಗಳು, ವಲಸೆ ಹಕ್ಕಿಗಳ ಗದ್ದಲ. ಆದರೆ ಎತ್ತರದ ಹುಲ್ಲಿನಲ್ಲಿ ಸಿಂಹ ಮಲಗಿದ್ದರೆ ಪಕ್ಕದಲ್ಲೇ ಹೋದರೂ ಗೊತ್ತಾಗುವುದಿಲ್ಲ. ಬಿಸಿಲು 40 ಡಿಗ್ರಿ ದಾಟುವ ದಿನಗಳೂ ಇರುತ್ತವೆ.

ನಮ್ಮ ರಜೆಗೆ ಹೊಂದಿಸುವುದಾದರೆ ಎರಡು ಅವಕಾಶ. ಮಕ್ಕಳ ಬೇಸಿಗೆ ರಜೆಯಲ್ಲಿ ಹೋಗುವುದಾದರೆ ಏಪ್ರಿಲ್ ಬಿಟ್ಟು ಮೇ ಎರಡನೇ ಅರ್ಧ ನೋಡಿ, ಅಷ್ಟೊತ್ತಿಗೆ ಹುಲ್ಲು ಒಣಗಲು ಶುರುವಾಗಿರುತ್ತದೆ. ಇನ್ನೊಂದು ದಸರಾ ರಜೆ. ಅಕ್ಟೋಬರ್ ಮೊದಲ ವಾರಗಳಲ್ಲಿ ಸಾಮಾನ್ಯವಾಗಿ ಮಳೆ ಇನ್ನೂ ಹಿಡಿದಿರುವುದಿಲ್ಲ, ನೀರು ತೀರಾ ಕಡಿಮೆ, ನದಿ ದಂಡೆಯಲ್ಲಿ ಜಾತ್ರೆ. ಬಿಸಿಲಿಗೆ ಹೆದರದಿದ್ದರೆ ನನ್ನ ಆಯ್ಕೆ ಇದೇ. ಅಲ್ಲಿನ ಶಾಲಾ ರಜೆ, ಅದರಲ್ಲೂ ಡಿಸೆಂಬರ್ ಮತ್ತು ಈಸ್ಟರ್ ವಾರ, ತಪ್ಪಿಸಿ. ಒಂದು ಚಿರತೆಗೆ ಮೂವತ್ತು ಕಾರು ಮುತ್ತಿಕೊಳ್ಳುತ್ತವೆ.

ಕೋಣೆ ಮೊದಲು, ವಿಮಾನ ಆಮೇಲೆ

ಬಹಳ ಜನ ಇದನ್ನು ಉಲ್ಟಾ ಮಾಡುತ್ತಾರೆ. ಕಾಡಿನೊಳಗಿನ ಕ್ಯಾಂಪುಗಳನ್ನು ನಡೆಸುವುದು ಅಲ್ಲಿನ ಸರ್ಕಾರಿ ಸಂಸ್ಥೆ ಸ್ಯಾನ್‌ಪಾರ್ಕ್ಸ್. ಬುಕ್ಕಿಂಗ್ ಹನ್ನೊಂದು ತಿಂಗಳು ಮೊದಲೇ ತೆರೆಯುತ್ತದೆ. ಒಳ್ಳೆಯ ಕ್ಯಾಂಪುಗಳ ನದಿ ಕಡೆಯ ಕೋಣೆಗಳು ಬೇಗ ಖಾಲಿಯಾಗುತ್ತವೆ. ಅವರ ಜಾಲತಾಣದಲ್ಲೇ ನೇರವಾಗಿ ಬುಕ್ ಮಾಡಿ. ಕೋಣೆ ಬಾಡಿಗೆಯ ಜೊತೆಗೆ ತಲೆಗೆ ಇಷ್ಟು ಅಂತ ದಿನವಹಿ ಸಂರಕ್ಷಣಾ ಶುಲ್ಕ ಬೇರೆ ಇದೆ, ವಿದೇಶಿಯರಿಗೆ ಅದು ಜಾಸ್ತಿ. ಒಂದು ವಾರ ಇರುವವರು ವೈಲ್ಡ್ ಕಾರ್ಡ್ ಅನ್ನುವ ವಾರ್ಷಿಕ ಚೀಟಿಯನ್ನೂ ಲೆಕ್ಕ ಹಾಕಿ ನೋಡಿ. ಕುಟುಂಬಕ್ಕೆ ಉಳಿತಾಯವಾಗಬಹುದು.

ಕಾಡಿನ ಹೊರಗಿನ ಹೋಟೆಲಿನಲ್ಲಿ ಉಳಿದು ದಿನಾ ಬೆಳಗ್ಗೆ ಒಳಗೆ ಬರುತ್ತೇವೆ ಅನ್ನುವವರಿದ್ದಾರೆ. ಹಣ ಉಳಿಯಬಹುದು. ಆದರೆ ಗೇಟಿನ ಸಾಲಿನಲ್ಲಿ ನಿಲ್ಲುವ ಆ ಹೊತ್ತೇ ಕಾಡಿನ ಅತ್ಯುತ್ತಮ ಹೊತ್ತು. ಒಳಗೇ ಉಳಿಯಿರಿ.

ಆರು ರಾತ್ರಿಗೆ ನಾನು ಹೇಳುವ ದಾರಿ ಇದು. ಎರಡು ರಾತ್ರಿ ಲೋವರ್ ಸಾಬಿ, ಎರಡು ರಾತ್ರಿ ಸತಾರಾ, ಎರಡು ರಾತ್ರಿ ಒಲಿಫಾಂಟ್ಸ್ ಅಥವಾ ಲೆಟಾಬಾ. ನದಿ, ಬಯಲು, ಮೊಪಾನೆ ಅಂಚು ಮೂರನ್ನೂ ನೋಡಿದಂತಾಗುತ್ತದೆ. ಲೋವರ್ ಸಾಬಿ ಇರುವುದು ಸಾಬಿ ನದಿಯ ದಂಡೆಯಲ್ಲೇ. ಪಕ್ಕದ ಸನ್‌ಸೆಟ್ ಡ್ಯಾಮಿನಲ್ಲಿ ನೀರಾನೆ, ಮೊಸಳೆ, ಕೊಕ್ಕರೆಗಳನ್ನು ಕಾರಿನಲ್ಲಿ ಕೂತೇ ನೋಡಬಹುದು. ಸ್ಕುಕುಜಾ ಎಲ್ಲಕ್ಕಿಂತ ದೊಡ್ಡ ಕ್ಯಾಂಪು, ಊರಿನ ಹಾಗೆ ಗಲಾಟೆ. ನನಗೆ ಅಷ್ಟು ಹಿಡಿಸುವುದಿಲ್ಲ, ಆದರೆ ಎಲ್ಲ ಸೌಕರ್ಯ ಬೇಕು ಅನ್ನುವವರಿಗೆ ಅದೇ ಸರಿ. ಒಲಿಫಾಂಟ್ಸ್ ಕ್ಯಾಂಪು ನದಿಯ ಮೇಲಿನ ಕಡಿದಾದ ಗುಡ್ಡದ ತುದಿಯಲ್ಲಿದೆ. ಅಲ್ಲಿ ಒಂದು ಮಧ್ಯಾಹ್ನ ಕಾರು ಮುಟ್ಟದೆ, ಬೈನಾಕ್ಯುಲರ್ ಹಿಡಿದು ಸುಮ್ನೆ ಕೂತುಬಿಡಿ. ಕೆಳಗೆ ಆನೆಗಳು ನೀರಿಗೆ ಇಳಿಯುವುದು, ನದಿ ದಾಟುವುದು ಎಲ್ಲ ಕಾಣುತ್ತದೆ. ಲೆಟಾಬಾದಲ್ಲಿ ಆನೆಗಳದ್ದೇ ಒಂದು ಮ್ಯೂಸಿಯಂ ಇದೆ. ಕ್ರೂಗರ್‌ನ ಹೆಸರಾಂತ ಗಂಡಾನೆಗಳ ದಂತಗಳನ್ನು ಅಲ್ಲಿ ಇಟ್ಟಿದ್ದಾರೆ. 1905ರ ಸುಮಾರಿಗೆ ಈ ಭಾಗದಲ್ಲಿ ಉಳಿದಿದ್ದ ಆನೆಗಳು ಕೈಬೆರಳೆಣಿಕೆಯಷ್ಟು. ಈಗ ಇಡೀ ಉದ್ಯಾನದಲ್ಲಿ 20,000ಕ್ಕೂ ಹೆಚ್ಚು. ಇದನ್ನು ತಿಳಿದು ನೋಡಿದರೆ ಆ ಮ್ಯೂಸಿಯಂಗೆ ಬೇರೆಯೇ ತೂಕ ಬರುತ್ತದೆ.

ಕೋಣೆ ಸಿಕ್ಕ ಮೇಲೆ ವೀಸಾ. ಭಾರತದ ಪಾಸ್‌ಪೋರ್ಟಿನವರಿಗೆ ವೀಸಾ ಬೇಕು. ಮಕ್ಕಳಿದ್ದರೆ ಜನನ ಪ್ರಮಾಣಪತ್ರ ಜೊತೆಗಿಡಿ. ತಂದೆ ತಾಯಿಯಲ್ಲಿ ಒಬ್ಬರೇ ಕರೆದೊಯ್ಯುತ್ತಿದ್ದರೆ ಇನ್ನೊಬ್ಬರ ಒಪ್ಪಿಗೆ ಪತ್ರವೂ ಇರಲಿ. ವಿಮಾನ ಆರಿಸುವಾಗ ಒಂದು ಎಚ್ಚರ: ನೈರೋಬಿ, ಅಡಿಸ್ ಅಬಾಬಾ ಮೂಲಕ ಹೋಗುವ ಟಿಕೆಟ್ ಅಗ್ಗ ಇರಬಹುದು, ಆದರೆ ಅವು ಹಳದಿ ಜ್ವರದ ದೇಶಗಳು. ದಕ್ಷಿಣ ಆಫ್ರಿಕಾಕ್ಕೆ ನೇರವಾಗಿ ಹೋಗಿ ಬರುವವರಿಗೆ ಬೇಡದ ಲಸಿಕೆ ಪತ್ರದ ಪ್ರಶ್ನೆ ಈ ದಾರಿಯಲ್ಲಿ, ಹೋಗುವಾಗಲೋ ವಾಪಸ್ ಬರುವಾಗಲೋ, ಏಳಬಹುದು. ಲಸಿಕೆ ಹಾಕಿಸಿಕೊಂಡು ಹತ್ತು ದಿನ ಆದ ಮೇಲಷ್ಟೇ ಆ ಪತ್ರ ಊರ್ಜಿತ. ಕೊನೇ ಗಳಿಗೆಯಲ್ಲಿ ಮಾಡುವ ಕೆಲಸವಲ್ಲ.

ಕಾರು ಮತ್ತು ದಾರಿ

ಅಲ್ಲೂ ಎಡಗಡೆಯೇ ಓಡಿಸುವುದು, ಸ್ಟೀರಿಂಗ್ ಬಲಕ್ಕೆ. ಒಂದು ತಲೆನೋವು ಕಡಿಮೆ. ನಮ್ಮ ಲೈಸೆನ್ಸ್ ಜೊತೆಗೆ ಆರ್‌ಟಿಓ ಕೊಡುವ ಅಂತರರಾಷ್ಟ್ರೀಯ ಪರವಾನಗಿ ಮಾಡಿಸಿಕೊಳ್ಳಿ, ಬಾಡಿಗೆ ಕಾರಿನವರು ಕೇಳುತ್ತಾರೆ. ನಾಲ್ಕು ದಿಕ್ಕಿಗೂ ಸ್ಟಾಪ್ ಬೋರ್ಡ್ ಇರುವ ಸರ್ಕಲ್ಲುಗಳಲ್ಲಿ ಯಾರು ಮೊದಲು ಬಂದು ನಿಂತರೋ ಅವರೇ ಮೊದಲು ಹೋಗುವುದು. ಈ ಶಿಸ್ತು ಅಲ್ಲಿ ನಿಜಕ್ಕೂ ನಡೆಯುತ್ತದೆ, ನಾವೇ ಕೆಡಿಸಬಾರದು ಅಲ್ವಾ.

ಫೋರ್ ವೀಲ್ ಡ್ರೈವ್ ಬೇಡ. ಮುಖ್ಯ ರಸ್ತೆಗಳು ಡಾಂಬರು, ಉಳಿದವು ಚೆನ್ನಾಗಿ ಹದ ಮಾಡಿದ ಮಣ್ಣಿನ ರಸ್ತೆ. ಸಾಮಾನ್ಯ ಕಾರು ಸಾಕು. ಆದರೆ ಸೀಟು ಸ್ವಲ್ಪ ಎತ್ತರ ಇರುವ ಗಾಡಿ ಸಿಕ್ಕರೆ ಹುಲ್ಲಿನ ಮೇಲಿಂದ ನೋಡಲು ಅನುಕೂಲ. ಎಲ್ಲರಿಗೂ ಒಂದೊಂದು ಕಿಟಕಿ ಸಿಗುವಷ್ಟು ದೊಡ್ಡದು ತೆಗೆದುಕೊಳ್ಳಿ. ಹಿಂದಿನ ಸೀಟಿನ ನಡುವೆ ಕೂತವರ ಪಾಡು ಹೇಳತೀರದು.

ಜೋಹಾನ್ಸ್‌ಬರ್ಗ್ ವಿಮಾನ ನಿಲ್ದಾಣದಿಂದ ಎನ್4 ಹೆದ್ದಾರಿ ಹಿಡಿದರೆ ಕ್ರೊಕೊಡೈಲ್ ಬ್ರಿಜ್ ಗೇಟಿಗೆ ಸುಮಾರು 450 ಕಿ.ಮೀ. ಟೋಲ್ ರಸ್ತೆ, ಐದು ಗಂಟೆ ಇಟ್ಟುಕೊಳ್ಳಿ. ರಾತ್ರಿ ವಿಮಾನದಲ್ಲಿ ಬಂದಿಳಿದು ನಿದ್ದೆಗಣ್ಣಿನಲ್ಲಿ ಓಡಿಸುವುದು ಬೇಡ, ಕತ್ತಲಲ್ಲಿ ಆ ಹೆದ್ದಾರಿ ಬೇಡವೇ ಬೇಡ. ಮೊದಲ ರಾತ್ರಿ ಜೋಹಾನ್ಸ್‌ಬರ್ಗ್ ಅಥವಾ ಎಂಬೊಂಬೆಲಾದಲ್ಲಿ ಮಲಗಿ. ಸಮಯ ಕಡಿಮೆ, ದುಡ್ಡು ಜಾಸ್ತಿ ಇದ್ದವರಿಗೆ ಸ್ಕುಕುಜಾ, ಎಂಬೊಂಬೆಲಾ, ಹೂಡ್‌ಸ್ಪ್ರೂಟ್‌ಗೆ ಸಣ್ಣ ವಿಮಾನಗಳೂ ಇವೆ.

ಗೇಟಿಗೆ ಮಧ್ಯಾಹ್ನದೊಳಗೆ ಬನ್ನಿ. ಸಂಜೆ ಕ್ಯಾಂಪಿನ ಬಾಗಿಲು ಹಾಕುವ ಮೊದಲು ತಲುಪಲಾಗದಷ್ಟು ತಡವಾಗಿ ಬಂದರೆ ಗೇಟಿನಲ್ಲೇ ತಡೆಯಬಹುದು. ಒಳಗೆ ಡಾಂಬರಿನಲ್ಲಿ ಗಂಟೆಗೆ 50, ಮಣ್ಣಿನಲ್ಲಿ 40 ಕಿ.ಮೀ. ಮಿತಿ. ಇದು ಬರೀ ಬೋರ್ಡಿನ ಮಾತಲ್ಲ, ಸ್ಪೀಡ್ ಗನ್ ಹಿಡಿದು ನಿಂತಿರುತ್ತಾರೆ, ದಂಡ ಬೀಳುತ್ತದೆ. ನಿಂತು ನೋಡುತ್ತಾ ಹೋದರೆ ನಿಜವಾದ ವೇಗ ಗಂಟೆಗೆ 20ರಿಂದ 25. ಪ್ರತಿ ದಿನದ ಯೋಜನೆಯನ್ನು ಈ ಲೆಕ್ಕದಲ್ಲೇ ಮಾಡಿ. ಲೋವರ್ ಸಾಬಿಯಿಂದ ಸತಾರಾಗೆ ನೂರು ಕಿ.ಮೀ. ಒಳಗೇ ಇದೆ, ಆದರೂ ಇಡೀ ದಿನ ಬೇಕು.

ದಿನವನ್ನು ಹಂಚುವ ರೀತಿ

ಜೂನ್, ಜುಲೈಯಲ್ಲಿ ಕ್ಯಾಂಪಿನ ಗೇಟು ಬೆಳಗ್ಗೆ 6ಕ್ಕೆ ತೆರೆಯುತ್ತದೆ, ಸಂಜೆ 5:30ಕ್ಕೆ ಮುಚ್ಚುತ್ತದೆ. ನವೆಂಬರ್, ಡಿಸೆಂಬರಿನಲ್ಲಿ 4:30ಕ್ಕೇ ತೆರೆದು 6:30ಕ್ಕೆ ಮುಚ್ಚುತ್ತದೆ. ತಿಂಗಳಿಂದ ತಿಂಗಳಿಗೆ ಬದಲಾಗುವುದರಿಂದ ಪರ್ಮಿಟ್ ಜೊತೆಗೆ ಕೊಡುವ ಚೀಟಿ ನೋಡಿಕೊಳ್ಳಿ. ಗೇಟು ತೆರೆಯುವಾಗ ನಿಮ್ಮ ಕಾರು ಸಾಲಿನ ಮುಂದೆ ಇರಬೇಕು. ಕಾಫಿ ಫ್ಲಾಸ್ಕಿನಲ್ಲಿ. ಚಳಿಗಾಲದ ಬೆಳಗ್ಗೆ ಸ್ವೆಟರ್, ಟೋಪಿ ಬೇಕೇ ಬೇಕು. ಆಫ್ರಿಕಾ ಅಂದರೆ ಬರೀ ಸೆಕೆ ಅಂದುಕೊಂಡು ಹೋದವರು ನಡುಗುತ್ತಾರೆ.

ಮೊದಲ ಮೂರು ಗಂಟೆ ನಿಧಾನ ಸುತ್ತಾಟ. ಹತ್ತರ ಹೊತ್ತಿಗೆ ಪಿಕ್‌ನಿಕ್ ಜಾಗದಲ್ಲಿ ತಿಂಡಿ. ಮಧ್ಯಾಹ್ನ ಕ್ಯಾಂಪಿನಲ್ಲಿ ನಿದ್ದೆ, ಅಥವಾ ಒಂದು ನೀರಿನ ಹೊಂಡದ ಪಕ್ಕ ಎಂಜಿನ್ ಆರಿಸಿ ಕೂರುವುದು. ಮೂರರಿಂದ ಮತ್ತೆ ಗೇಟು ಮುಚ್ಚುವವರೆಗೆ. ಪೂರ್ತಿ ದಿನ ಓಡಿಸುವ ಹಟ ಬೇಡ.

ಇನ್ನು ಯಾವ ರಸ್ತೆ? ಲೋವರ್ ಸಾಬಿಯಿಂದ ಸ್ಕುಕುಜಾ ಕಡೆಗೆ ನದಿಗುಂಟ ಹೋಗುವ ಎಚ್4-1 ಚಿರತೆಗೆ ಪ್ರಸಿದ್ಧ. ಜನಜಂಗುಳಿಗೂ ಪ್ರಸಿದ್ಧ, ಹಾಗಾಗಿ ಮೊದಲ ಬೆಳಕಿನಲ್ಲೇ ಹೋಗಿ. ನದಿಯಂಚಿನ ಅತ್ತಿ ಜಾತಿಯ ದೊಡ್ಡ ಮರಗಳು, ಜ್ಯಾಕಲ್‌ಬೆರಿ ಮರಗಳಲ್ಲಿ ಅಡ್ಡಕ್ಕೆ ಚಾಚಿದ ದಪ್ಪ ಕೊಂಬೆಗಳನ್ನೇ ನೋಡಿ. ಚುಕ್ಕೆ ಹುಡುಕಬೇಡಿ, ಎಲೆಯ ನೆರಳಿನಲ್ಲಿ ಚುಕ್ಕೆ ಕಾಣುವುದೇ ಇಲ್ಲ. ಕೊಂಬೆಯಿಂದ ಕೆಳಗೆ ಇಳಿಬಿದ್ದ ಬಾಲ ಹುಡುಕಿ. ಸತಾರಾಗೆ ಹೋಗುವ ದಿನ ಎಚ್10 ಹಿಡಿಯಿರಿ. ದಾರಿಯಲ್ಲಿ ಎಂಕುಂಬೆ ದಿಬ್ಬದ ಮೇಲೆ ಕಾರಿನಿಂದ ಇಳಿಯಲು ಅನುಮತಿ ಇದೆ, ಬಸಾಲ್ಟ್ ಬಯಲು ಅಂದರೇನು ಅನ್ನುವುದು ಅಲ್ಲಿ ನಿಂತರೆ ಒಂದೇ ನೋಟಕ್ಕೆ ತಿಳಿಯುತ್ತದೆ. ಸತಾರಾದಲ್ಲಿ ಎಸ್100 ಮಣ್ಣಿನ ರಸ್ತೆ. ಹಳ್ಳದ ಪಕ್ಕದಲ್ಲೇ ಸಾಗುವ ಈ ರಸ್ತೆಯಲ್ಲಿ ಸಿಂಹ ಸಿಕ್ಕದೆ ಬಂದವರು ಇದ್ದಾರೆ, ಆದರೆ ಎರಡು ಬೆಳಗ್ಗೆ ಕೊಟ್ಟು ನೋಡಿ.

ಕ್ಯಾಂಪುಗಳ ಸ್ವಾಗತ ಕಚೇರಿ ಹತ್ತಿರ ನಕ್ಷೆಯ ಮೇಲೆ ಬಣ್ಣದ ಗುರುತು ಅಂಟಿಸಿದ ಬೋರ್ಡು ಇರುತ್ತದೆ. ಯಾವ ಪ್ರಾಣಿ ಎಲ್ಲಿ ಕಂಡಿತು ಅಂತ ಬಂದವರೇ ಗುರುತು ಹಾಕುತ್ತಾರೆ. ಅದನ್ನು ನೋಡಿ, ಆದರೆ ಓಡಬೇಡಿ. ಬೆಳಗ್ಗೆ ಕಂಡ ಸಿಂಹ ಸಂಜೆಗೂ ಅಲ್ಲೇ ಮಲಗಿರಬಹುದು, ಬೆಳಗ್ಗೆ ಕಂಡ ಕಾಡುನಾಯಿ ಹಿಂಡು ಅಷ್ಟೊತ್ತಿಗೆ ಎಲ್ಲೋ ಹೋಗಿರುತ್ತದೆ.

ಕಾರಿನೊಳಗಿಂದ ನೋಡುವ ಕಲೆ

ನಾಗರಹೊಳೆಯಲ್ಲಿ ಸಫಾರಿ ಮಾಡಿದವರಿಗೆ 'ಕಾಲ್' ಅಂದರೆ ಗೊತ್ತು. ಜಿಂಕೆ ಕೂಗಿದರೆ, ಮುಸುವ ಕೆಮ್ಮಿದರೆ ಹುಲಿಯೋ ಚಿರತೆಯೋ ಹತ್ತಿರ ಇದೆ ಅಂತ. ಕ್ರೂಗರ್‌ನಲ್ಲಿ ಆ ಕೆಲಸ ಇಂಪಾಲಾದ್ದು. ಮೂಗಿನಿಂದ ಫುಸ್ ಅಂತ ಜೋರಾಗಿ ಗಾಳಿ ಬಿಡುತ್ತದೆ. ಹಿಂಡಿನ ಎಲ್ಲ ತಲೆಗಳೂ ಒಂದೇ ದಿಕ್ಕಿಗೆ ತಿರುಗಿವೆಯಾ ನೋಡಿ. ತಿರುಗಿದ್ದರೆ ನೀವೂ ಅಲ್ಲಿಗೇ ನೋಡಿ, ಇಂಪಾಲಾವನ್ನಲ್ಲ. ಜಿರಾಫೆ ಕೂಡ ಒಂದೇ ಕಡೆ ದಿಟ್ಟಿಸಿ ನಿಂತಿದ್ದರೆ ಸುಮ್ನೆ ಅಲ್ಲ. ಅದರ ಕಣ್ಣು ನಮಗಿಂತ ಎಷ್ಟು ಎತ್ತರದಲ್ಲಿದೆ ಯೋಚಿಸಿ. ಮರದಲ್ಲಿ ವರ್ವೆಟ್ ಕೋತಿಗಳ ಕಿರುಚಾಟ, ಬೋಳು ಮರದ ತುದಿಯಲ್ಲಿ ಸಾಲಾಗಿ ಕೂತು ಕಾಯುವ ರಣಹದ್ದು, ಇವೆಲ್ಲ ಸುದ್ದಿಯೇ.

ನಿಂತ ಕಡೆ ಎಂಜಿನ್ ಆರಿಸಿ. ಕಿಟಕಿ ಇಳಿಸಿ. ಎಸಿ ಹಾಕಿಕೊಂಡು, ಗಾಜು ಏರಿಸಿಕೊಂಡು ಹೋದರೆ ಅರ್ಧ ಕಾಡು ಕೇಳಿಸುವುದೇ ಇಲ್ಲ. ನೆಲದ ಮೇಲೆ ಆನೆ ಲದ್ದಿ ಒದ್ದೆಯಾಗಿ ಹೊಳೆಯುತ್ತಿದ್ದರೆ ಆನೆ ಹತ್ತಿರದಲ್ಲೇ ಇದೆ. ಲದ್ದಿಯ ಮೇಲೆ ಕಾರು ಹತ್ತಿಸಬೇಡಿ, ಅದರಲ್ಲಿ ಸಗಣಿ ಹುಳುಗಳು ಕೆಲಸ ಮಾಡುತ್ತಿರುತ್ತವೆ. ಐದು ನಿಮಿಷ ನಿಂತು ಅವು ಉಂಡೆ ಕಟ್ಟಿ, ಹಿಂಗಾಲಿನಿಂದ ಹಿಮ್ಮುಖವಾಗಿ ಉರುಳಿಸುವುದನ್ನು ಮಕ್ಕಳಿಗೆ ತೋರಿಸಿ. ರಸ್ತೆಯಡಿಯ ಮೋರಿಗಳ ಬಾಯಿಯನ್ನೂ ಗಮನಿಸಿ. ಕತ್ತೆಕಿರುಬಗಳು ಅದನ್ನೇ ಬಿಲ ಮಾಡಿಕೊಂಡು ಮರಿ ಸಾಕುತ್ತವೆ. ಬೆಳಗಿನ ಹೊತ್ತು ಕಪ್ಪು ಮರಿಗಳು ರಸ್ತೆಯಂಚಿಗೆ ಬಂದು ಆಡುತ್ತವೆ.

ಘೇಂಡಾಮೃಗ ಕಂಡರೆ ನೋಡಿ, ಸಂತೋಷಪಡಿ, ಆದರೆ ಜಾಗದ ವಿವರ ಹಾಕಿ ಫೋಟೋ ಹಂಚಬೇಡಿ. ಬೋರ್ಡಿನಲ್ಲೂ ಅದರ ಗುರುತು ಇರುವುದಿಲ್ಲ. ಹತ್ತೊಂಬತ್ತನೇ ಶತಮಾನದ ಕೊನೆಗೆ ಬಿಳಿ ಘೇಂಡಾ ಈ ಪ್ರದೇಶದಲ್ಲಿ ಪೂರ್ತಿ ನಿರ್ನಾಮವಾಗಿತ್ತು. 1961ರಿಂದ ಅದೇ ದೇಶದ ಉಂಫೊಲೊಜಿ ಕಾಡಿನಿಂದ ತಂದು ಬಿಟ್ಟ ಪ್ರಾಣಿಗಳಿಂದ ಮತ್ತೆ ಬೆಳೆದ ಸಂತತಿ ಇದು. ಈಚಿನ ವರ್ಷಗಳಲ್ಲಿ ಕೊಂಬಿಗಾಗಿ ನಡೆದ ಕಳ್ಳಬೇಟೆ ಅದನ್ನು ಮತ್ತೆ ನಡುಗಿಸಿದೆ. ಕೊಂಬು ಕತ್ತರಿಸಿದ ಘೇಂಡಾ ಕಂಡರೆ ಆಶ್ಚರ್ಯ ಬೇಡ, ಅದನ್ನು ಉಳಿಸಲೆಂದೇ ಅಧಿಕಾರಿಗಳು ಹಾಗೆ ಮಾಡುತ್ತಾರೆ.

ಆನೆ ರಸ್ತೆಯಲ್ಲಿದ್ದರೆ

ಸಿಂಹಕ್ಕೆ ಹೆದರುವವರು ಆನೆಗೆ ಹೆದರುವುದಿಲ್ಲ. ಉಲ್ಟಾ ಇರಬೇಕು. ಕಾರಿನೊಳಗಿದ್ದವರಿಗೆ ಸಿಂಹದಿಂದ ತೊಂದರೆ ತೀರಾ ಅಪರೂಪ, ಆನೆ ಕಾರನ್ನೇ ಮಗುಚಬಲ್ಲದು.

ದೂರದಲ್ಲೇ ನಿಲ್ಲಿ. ಹಿಂದೆ ಸರಿಯಲು ಜಾಗ ಉಳಿಸಿಕೊಳ್ಳಿ, ಹಿಂದೆ ಬಂದ ಕಾರು ಅಂಟಿಕೊಂಡು ನಿಲ್ಲದಂತೆ ಕೈಸನ್ನೆ ಮಾಡಿ. ಇಲ್ಲಿ ಮಾತ್ರ ಎಂಜಿನ್ ಆರಿಸುವುದು ಬೇಡ. ಹಿಂಡು ರಸ್ತೆ ದಾಟುತ್ತಿದ್ದರೆ ನಡುವೆ ನುಗ್ಗಬೇಡಿ, ಕೊನೆಯ ಮರಿ ದಾಟಿತು ಅಂದುಕೊಂಡ ಮೇಲೂ ಒಂದೆರಡು ನಿಮಿಷ ಕಾಯಿರಿ. ಒಂಟಿ ಗಂಡಾನೆಯಾದರೆ ಮದ ಬಂದಿದೆಯಾ ನೋಡಿಕೊಳ್ಳಿ. ಕೆನ್ನೆಯ ಮೇಲಿನ ಒದ್ದೆ ಗೆರೆ ಮಾತ್ರ ನಂಬಬೇಡಿ, ಆಫ್ರಿಕಾದ ಹೆಣ್ಣಾನೆಗಳಿಗೂ ಅದು ಬರುತ್ತದೆ. ಅಲ್ಲಿ ಹೆಣ್ಣಿಗೂ ದಂತ ಇರುವುದರಿಂದ ದಂತ ನೋಡಿ ಗಂಡು ಅನ್ನುವ ನಮ್ಮ ಅಭ್ಯಾಸವೂ ಕೈಕೊಡುತ್ತದೆ. ಹಿಂಗಾಲಿನ ಒಳಬದಿ ಮೂತ್ರ ತೊಟ್ಟಿಕ್ಕಿ ಒದ್ದೆಯಾಗಿದ್ದರೆ, ತಲೆ ಎತ್ತಿ, ಎದೆಯುಬ್ಬಿಸಿದಂತೆ ನಿಮ್ಮತ್ತಲೇ ನಡೆದು ಬರುತ್ತಿದ್ದರೆ, ಫೋಟೋ ಬಿಟ್ಟು ರಿವರ್ಸ್ ಹಾಕಿ. ಹಾರ್ನ್ ಮಾಡಬೇಡಿ.

ಕಾರಿನಿಂದ ಇಳಿಯುವುದು ಗುರುತು ಮಾಡಿದ ಜಾಗಗಳಲ್ಲಿ ಮಾತ್ರ. ಕೆಲವು ದೊಡ್ಡ ಸೇತುವೆಗಳ ಮೇಲೆ ಗೆರೆ ಎಳೆದಿರುತ್ತಾರೆ, ಆ ಗೆರೆಯೊಳಗೆ ಇಳಿಯಬಹುದು. ಕಿಟಕಿಯಿಂದ ಮೈ ಹೊರಗೆ ಚಾಚುವುದು, ಸನ್‌ರೂಫಿನಿಂದ ತಲೆ ಹಾಕುವುದು, ಡ್ರೋನ್ ಹಾರಿಸುವುದು ಎಲ್ಲ ನಿಷಿದ್ಧ. ಟೈರ್ ಪಂಕ್ಚರ್ ಆದರೂ ಇಳಿಯಬೇಡಿ. ಪರ್ಮಿಟ್ ಮೇಲಿನ ತುರ್ತು ಸಂಖ್ಯೆಗೆ ಫೋನ್ ಮಾಡಿ. ಸಿಗ್ನಲ್ ಇಲ್ಲದಿದ್ದರೆ ಮುಂದೆ ಬರುವ ಕಾರಿನವರ ಕೈಲಿ ಸುದ್ದಿ ಕಳಿಸಿ.

ರಾತ್ರಿ ನಿಮ್ಮ ಕಾರು ಹೊರಗೆ ಹೋಗುವಂತಿಲ್ಲ. ಅದಕ್ಕೆ ಕ್ಯಾಂಪಿನವರ ನೈಟ್ ಡ್ರೈವ್ ಇದೆ. ಒಂದು ರಾತ್ರಿ ಹೋಗಿ, ಪುನುಗು ಬೆಕ್ಕಿನ ಜಾತಿಯ ಜೆನೆಟ್, ಸಿವೆಟ್, ಮೇಯಲು ನೀರಿನಿಂದ ಹೊರಬಂದ ನೀರಾನೆ ಕಾಣಬಹುದು. ಇಬ್ಬರು ಕೋವಿಧಾರಿ ರೇಂಜರ್‌ಗಳ ಜೊತೆಗಿನ ಬೆಳಗಿನ ನಡಿಗೆ ಇನ್ನೂ ಒಳ್ಳೆಯದು. ಅದಕ್ಕೆ ಹನ್ನೆರಡು ವರ್ಷ ತುಂಬಿರಬೇಕು. ಆರು ವರ್ಷದೊಳಗಿನ ಮಕ್ಕಳಿಗೆ ಸಫಾರಿ ಗಾಡಿಯಲ್ಲೂ ಅವಕಾಶವಿಲ್ಲ.

ಊಟದ ವಿಚಾರ

ಸಸ್ಯಾಹಾರಿಗಳೇ, ಕ್ಯಾಂಪಿನ ಹೋಟೆಲನ್ನು ನಂಬಿ ಹೋಗಬೇಡಿ. ಏನೋ ಒಂದು ಪಿಜ್ಜಾ, ಒಂದು ಸಲಾಡ್ ಸಿಗುತ್ತದೆ, ಮೂರನೇ ದಿನಕ್ಕೆ ಸಾಕಾಗುತ್ತದೆ. ಅಡುಗೆಮನೆ ಇರುವ ಬಂಗಲೆಯನ್ನೇ ಬುಕ್ ಮಾಡಿ. ಇಲ್ಲದಿದ್ದರೆ ಹಂಚಿಕೊಂಡು ಬಳಸುವ ಅಡುಗೆಮನೆಯಾದರೂ ಇರುತ್ತದೆ. ಅಕ್ಕಿ, ಬೇಳೆ, ತರಕಾರಿ ದಾರಿಯ ಸೂಪರ್ ಮಾರ್ಕೆಟ್ಟುಗಳಲ್ಲಿ ಸಿಗುತ್ತವೆ. ನಮ್ಮ ಮಸಾಲೆ ಬೇಕಿದ್ದರೆ ಜೋಹಾನ್ಸ್‌ಬರ್ಗಿನ ಫೋರ್ಡ್ಸ್‌ಬರ್ಗ್ ಭಾರತೀಯ ಮೂಲದವರ ಹಳೆಯ ಬಡಾವಣೆ, ಅಲ್ಲಿ ಎಲ್ಲ ಇದೆ. ಒಂದು ಚಿಕ್ಕ ಕುಕ್ಕರ್, ಸಾರಿನ ಪುಡಿ ಸೂಟ್‌ಕೇಸಿಗೆ ಹಾಕಿಕೊಂಡು ಹೋದರೆ ಸತಾರಾದಲ್ಲಿ ಬಿಸಿ ಅನ್ನ ಸಾರು ಗ್ಯಾರಂಟಿ. ಪಿಕ್‌ನಿಕ್ ಜಾಗಗಳಲ್ಲಿ ಗ್ಯಾಸಿನ ದೊಡ್ಡ ತವೆ ಬಾಡಿಗೆಗೆ ಕೊಡುತ್ತಾರೆ. ಅಲ್ಲಿನವರು ಅದರ ಮೇಲೆ ಮಾಂಸ, ಮೊಟ್ಟೆ ಬೇಯಿಸುತ್ತಾರೆ. ದೋಸೆಗೂ ಅದು ಚೆನ್ನಾಗಿ ಒದಗುತ್ತದೆ.

ಕೋತಿ, ಬಬೂನ್‌ಗಳ ಬಗ್ಗೆ ಹೇಳಬೇಕಾಗಿಲ್ಲ. ವರಾಂಡದ ಫ್ರಿಜ್ಜಿಗೆ ಅಗುಳಿ ಇರುವುದು ಅವುಗಳಿಗಾಗಿಯೇ. ಒಂದು ಬಿಸ್ಕತ್ತು ಕೂಡ ಕೊಡಬೇಡಿ. ರುಚಿ ಹತ್ತಿ ದಾಂಧಲೆ ಮಾಡುವ ಬಬೂನನ್ನು ಕೊನೆಗೆ ಗುಂಡಿಟ್ಟು ಕೊಲ್ಲಬೇಕಾಗುತ್ತದೆ.

ಎರಡನೇ ಸಲ ಹೋಗುವವರಿಗೆ ಉತ್ತರ

ಉತ್ತರಕ್ಕೆ ಹೋಗುವುದಾದರೆ ಪ್ರಾಣಿಗಳ ಲೆಕ್ಕ ಬಿಟ್ಟು ಹೋಗಿ. ಅಪರೂಪದ ರೋನ್, ಸೇಬಲ್, ಈಲ್ಯಾಂಡ್ ಜಿಂಕೆಗಳ ನಾಡು ಅದು. ರೋನ್ ಕತೆ ಕೇಳುವಂಥದ್ದು. ಬರಗಾಲದಲ್ಲಿ ಪ್ರಾಣಿಗಳಿಗೆ ನೆರವಾಗಲಿ ಅಂತ ಅಧಿಕಾರಿಗಳು ದಶಕಗಟ್ಟಲೆ ಬೋರ್‌ವೆಲ್ ಕೊರೆದು ನೀರಿನ ತೊಟ್ಟಿ ಕಟ್ಟಿಸಿದರು. ನೀರು ಬಂತು, ಹಿಂದೆ ಅಲ್ಲಿ ನಿಲ್ಲದ ಜೀಬ್ರಾ ಬಂದು ನೆಲೆಸಿತು, ಅದರ ಹಿಂದೆ ಸಿಂಹ ಬಂತು. ಎತ್ತರದ ಹುಲ್ಲಿನ ಮರೆಯಲ್ಲಿ ಬದುಕುತ್ತಿದ್ದ ರೋನ್ ನೂರಾರು ಇದ್ದದ್ದು ಕೆಲವು ಹತ್ತಾರಕ್ಕೆ ಇಳಿಯಿತು. 1990ರ ದಶಕದಿಂದ ಆ ತೊಟ್ಟಿಗಳಲ್ಲಿ ಬಹಳಷ್ಟನ್ನು ಮುಚ್ಚುತ್ತಾ ಬಂದರು. ಉತ್ತರದ ರಸ್ತೆಗಳಲ್ಲಿ ಒಣಗಿದ ಹಳೇ ಗಾಳಿಯಂತ್ರ ಕಂಡರೆ ಇದು ನೆನಪಿರಲಿ.

ತೀರಾ ಮೇಲಿನ ಪಫೂರಿ ಬೇರೆಯೇ ಲೋಕ. ಹಳದಿ ಹಸಿರು ತೊಗಟೆಯ ಫೀವರ್ ಟ್ರೀ ತೋಪು, ಬಾವೊಬಾಬ್ ಮರಗಳು, ಲುವುವು ನದಿ ಲಿಂಪೊಪೊಗೆ ಸೇರುವ ಕಡೆ ಮೂರು ದೇಶಗಳ ಗಡಿ. ಇದು ಮಕುಲೆಕೆ ಜನರ ನೆಲ. 1969ರಲ್ಲಿ ಅವರನ್ನು ಬಲವಂತವಾಗಿ ಎಬ್ಬಿಸಿ, ಆ ನೆಲವನ್ನು ಉದ್ಯಾನಕ್ಕೆ ಸೇರಿಸಿಕೊಂಡಿದ್ದರು. 1998ರಲ್ಲಿ ಭೂಮಿ ಅವರಿಗೆ ಮರಳಿತು. ಅವರು ಅಲ್ಲಿ ಹೊಲ ಮಾಡದೆ ಕಾಡಾಗಿಯೇ ಉಳಿಸಿ, ಪ್ರವಾಸೋದ್ಯಮದ ಆದಾಯ ಪಡೆಯುವ ಒಪ್ಪಂದ ಮಾಡಿಕೊಂಡರು. ಹತ್ತಿರದ ತುಲಮೇಲಾ ಬೆಟ್ಟದ ಮೇಲೆ ಕಲ್ಲಿನ ಗೋಡೆಗಳ ಹಳೆಯ ರಾಜನೆಲೆ ಇದೆ, ಗೈಡ್ ಜೊತೆ ನೋಡಬಹುದು. ಪುಂಡಾ ಮರಿಯಾ ಕ್ಯಾಂಪಿನಲ್ಲಿ ಎರಡು ರಾತ್ರಿ ಉಳಿದರೆ ಎಲ್ಲ ಆಗುತ್ತದೆ.

ಮಲೇರಿಯಾ

ಕ್ರೂಗರ್ ಮಲೇರಿಯಾ ಪ್ರದೇಶ. ಮಳೆಗಾಲದಲ್ಲಿ ಅಪಾಯ ಜಾಸ್ತಿ, ಚಳಿಗಾಲದಲ್ಲಿ ಕಡಿಮೆ, ಆದರೆ ಪೂರ್ತಿ ಇಲ್ಲ ಅನ್ನುವ ಹಾಗಿಲ್ಲ. ಹೊರಡುವ ಕೆಲವು ವಾರ ಮೊದಲೇ ವೈದ್ಯರನ್ನು ಕಂಡು ತಡೆ ಮಾತ್ರೆ ಕೇಳಿ. ಗರ್ಭಿಣಿಯರು, ಚಿಕ್ಕ ಮಕ್ಕಳಿದ್ದರೆ ಹೋಗಬೇಕೇ ಅನ್ನುವುದನ್ನೇ ಮೊದಲು ವಿಚಾರಿಸಿ. ಕೆಲವು ಮಾತ್ರೆಗಳನ್ನು ಕಾಡಿನಿಂದ ಹೊರಬಂದ ಮೇಲೂ ಒಂದು ವಾರ, ಕೆಲವನ್ನು ನಾಲ್ಕು ವಾರ ನುಂಗಬೇಕು. ಊರಿಗೆ ಬಂದ ಖುಷಿಯಲ್ಲಿ ನಡುವೆ ಬಿಡಬೇಡಿ. ಸಂಜೆಯಾದರೆ ತುಂಬು ತೋಳು, ಉದ್ದ ಪ್ಯಾಂಟು, ಸೊಳ್ಳೆ ಕ್ರೀಮು. ವಾಪಸ್ ಬಂದು ಕೆಲವು ತಿಂಗಳೊಳಗೆ ಯಾವಾಗ ಜ್ವರ ಬಂದರೂ ಅದೇ ದಿನ ರಕ್ತ ಪರೀಕ್ಷೆ ಮಾಡಿಸಿ. ವೈದ್ಯರು ಕೇಳುವವರೆಗೆ ಕಾಯದೆ, ಆಫ್ರಿಕಾಕ್ಕೆ ಹೋಗಿ ಬಂದಿದ್ದೇನೆ ಅಂತ ನೀವೇ ಮೊದಲು ಹೇಳಿಬಿಡಿ.